ಟ್ಯಾಂಕಿನ ತಳದ ಎರಡಡಿ ಚೌಕ

ನನ್ನ ಮೈಯನ್ನು ಅಡಿಯಿಂದ ಮುಡಿಯವರೆಗೆ ಬಳಿಯಲು ಕಾಲು ಲೀಟರ್ ಬಣ್ಣ ಸಾಕು ಎಂದು ಹೇಳಿದ್ದವರು ಹೋದ ತಿಂಗಳು ತೀರಿಕೊಂಡರು.

ಹಾಗೆ ಹೇಳಿದ್ದು ನನ್ನೊಬ್ಬನಿಗಲ್ಲ. ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಒಂದು ದಿನ ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ನಿಂತು, "ನನಗೆ ಎಷ್ಟು ಬೇಕು ಹೇಳಿ ನೋಡುವಾ" ಎಂದರು. ಶಾಲೆಗೆ ಬಣ್ಣ ಹೊಡೆಯಲು ಬಂದಿದ್ದ ಇವರು ಅವರ ಸುತ್ತ ಒಂದು ಸುತ್ತು ಬಂದು, "ಕಾಲು ಲೀಟರು. ಹೊಟ್ಟೆಗೆ ಒಂದು ಚಮಚ ಮೇಲೆ" ಎಂದರು. ಎಲ್ಲರೂ ನಕ್ಕರು. ನಾನು ನಗದೆ ಕೂತಿದ್ದನ್ನು ನೋಡಿ, "ಗಣಿತದ ಮಾಸ್ಟ್ರಿಗೂ ಕಾಲೇ. ಸಪೂರ ಇದ್ದಾರೆ, ಆದ್ರೆ ಉದ್ದ ಇದ್ದಾರಲ್ಲ" ಎಂದರು. ಮನೆಗೆ ಹೋದವನು ಫೋನಿನಲ್ಲಿ ಹುಡುಕಿದೆ, ದೊಡ್ಡವರ ಚರ್ಮದ ವಿಸ್ತೀರ್ಣ ಎಷ್ಟು ಎಂದು. ಹೆಚ್ಚುಕಡಿಮೆ ಎರಡು ಚದರ ಮೀಟರು. ಲೀಟರಿಗೆ ಎಂಟು ಚದರ ಮೀಟರ್ ಹಿಡಿದರೆ ಸರಿಯಾಗಿ ಕಾಲು ಲೀಟರು. ಫೋನು ಮಗುಚಿಟ್ಟು ಊಟಕ್ಕೆ ಕೂತೆ.

ಅವರ ಹೆಸರು ಬರೆಯುವುದಿಲ್ಲ. ಕೊಪ್ಪದ ಹೊರಗಿನ ನಮ್ಮ ಪ್ರೌಢಶಾಲೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮಕ್ಕಳಿಗೆ ಅವರು ಪೇಂಟರಣ್ಣ, ನಮಗೆ ಪೇಂಟ್ರು. ಊರು ನರಸಿಂಹರಾಜಪುರದ ಕಡೆಯ ಕಡಹಿನಬೈಲು. ಶೃಂಗೇರಿಯ ಲಾಡ್ಜುಗಳ ಗೇಟು, ಖಾಸಗಿ ಬಸ್ಸಿನ ಮೈ, ನೀರಿನ ಟ್ಯಾಂಕು, ರಸ್ತೆಯ ಮೈಲಿಗಲ್ಲು, ಬಣ್ಣ ಹಿಡಿಯುವುದನ್ನೆಲ್ಲ ಬಳಿದವರು. ಐವತ್ತು ದಾಟಿದ, ಗಿಡ್ಡ ಮೈಕಟ್ಟಿನ ಮನುಷ್ಯ. ಕಿವಿಯ ಹಿಂದೆ ಯಾವಾಗಲೂ ಯಾವುದೋ ಒಂದು ಬಣ್ಣ ಉಳಿದಿರುತ್ತಿತ್ತು. ನಾನು ಆ ಶಾಲೆಯಲ್ಲಿ ಬಿ.ಎಸ್ಸಿ., ಬಿ.ಎಡ್. ಮಾಡಿದ ಗಣಿತದ ಮಾಸ್ತರ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಸಿಲಿಂಡರು, ಶಂಕು, ಗೋಳಗಳ ಮೇಲ್ಮೈ ವಿಸ್ತೀರ್ಣ ಕಂಡುಹಿಡಿಯುವುದನ್ನು ಹನ್ನೆರಡು ವರ್ಷದಿಂದ ಕಲಿಸುತ್ತಿದ್ದೇನೆ. ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಟ್ಯಾಂಕಿನೊಳಗೆ ಇಳಿದ ಆ ಸಂಜೆ ಟ್ಯಾಂಕಿನ ಬಾಯಿಯಲ್ಲಿ ಕೂತಿದ್ದವನು ನಾನು. ಅವರ ಹೆಂಡತಿಗೆ ಐದು ವರ್ಷ ಹೇಳದೆ ಇಟ್ಟುಕೊಂಡ ಮಾತೊಂದು ನನ್ನ ಹತ್ತಿರ ಇತ್ತು. ಅವರು ತೀರಿಕೊಂಡ ಸುದ್ದಿ ಬಂದಾಗ ದುಃಖಕ್ಕಿಂತ ಮೊದಲು ನನಗೆ ಬಂದ ಯೋಚನೆ, ಇನ್ನು ಆ ಮಾತು ಗೊತ್ತಿರುವುದು ನನಗೊಬ್ಬನಿಗೇ ಎಂಬುದು.

ಅವರು ಅಳೆಯುತ್ತಿದ್ದದ್ದು ಅಂಗೈಯಲ್ಲಿ. ಟೇಪು ಜೇಬಿನಲ್ಲಿರುತ್ತಿತ್ತು, ಹೊರಗೆ ಬರುತ್ತಿದ್ದದ್ದು ಕಡಿಮೆ. ಒಂದು ಸಾಮಾನಿನ ಮೇಲೆ ಅಂಗೈ ಇಟ್ಟು, ಎಮ್ಮೆಯ ಮೈ ಸವರುವ ಹಾಗೆ ಒಮ್ಮೆ ಸವರಿ, ಕಣ್ಣು ಸಣ್ಣ ಮಾಡಿ ಲೀಟರಿನಲ್ಲೇ ಉತ್ತರ ಹೇಳುತ್ತಿದ್ದರು. ಚಹದ ಅಂಗಡಿಯ ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಹೆಡ್ ಮೇಡಮ್ಮಿನ ಸ್ಕೂಟರು, ಎಲ್ಲದಕ್ಕೂ ಒಂದು ಉತ್ತರ ಇರುತ್ತಿತ್ತು. ತಪ್ಪಿದ್ದನ್ನು ನಾನು ನೋಡಿಲ್ಲ. ತಪ್ಪಲಿ ಎಂದು ಎಷ್ಟು ಸಲ ಕಾದಿದ್ದೇನೆ!

ಹೊಟ್ಟೆಕಿಚ್ಚು ಶುರುವಾದ ದಿನ ನನಗೆ ಸರಿಯಾಗಿ ನೆನಪಿದೆ. ಅವರು ಶಾಲೆಯ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ನಾನು ಒಂಬತ್ತನೇ ತರಗತಿಯ ಕಿಟಕಿಯ ಪಕ್ಕ ನಿಂತು ಗೋಳದ ಮೇಲ್ಮೈ ವಿಸ್ತೀರ್ಣ ನಾಲ್ಕು ಪೈ ಆರ್ ವರ್ಗ ಎಂದು ಬರೆಸುತ್ತಿದ್ದೆ. ಒಬ್ಬಳು ಹುಡುಗಿ ಎದ್ದು, "ಯಾಕೆ ಸರ್ ನಾಲ್ಕು? ಮೂರು ಯಾಕಲ್ಲ?" ಎಂದಳು. ಅದು ಮುಂದಿನ ತರಗತಿಗಳಲ್ಲಿ ಬರುತ್ತದೆ, ಈಗ ಬಾಯಿಪಾಠ ಮಾಡಿ ಎಂದೆ. ಕಿಟಕಿಯ ಹೊರಗಿನಿಂದ ಧ್ವನಿ ಬಂತು.

"ನಾಲ್ಕೇ ಬೇಕು ಕೂಸೇ. ಮೂರು ಸಾಲೋದಿಲ್ಲ. ನಾನು ಬಳಿದು ನೋಡಿದ್ದೇನೆ."

ಇಡೀ ತರಗತಿ ಕಿಟಕಿಗೆ ಬಂತು. ಅವರು ಬ್ರಷ್ಷು ಹಿಡಿದೇ ಹೇಳಿದರು: ಶೃಂಗೇರಿಯ ಲಾಡ್ಜೊಂದರ ಗೇಟಿನ ಕಂಬಗಳ ಮೇಲೆ ಸಿಮೆಂಟಿನ ಚೆಂಡುಗಳಿದ್ದವು. ಚೆಂಡಿನಷ್ಟೇ ಅಗಲದ ದುಂಡು ತಗಡೊಂದು ಬಣ್ಣದ ಡಬ್ಬಕ್ಕೆ ಮುಚ್ಚಳವಾಗಿತ್ತು. ಬಣ್ಣದ ಹದ ನೋಡಲು ಮೊದಲು ಆ ಮುಚ್ಚಳಕ್ಕೆ ಬಳಿದರಂತೆ. ಮುಚ್ಚಳಕ್ಕೆ ಒಂದು ಕಪ್ಪೆಚಿಪ್ಪಿನಷ್ಟು ಬಣ್ಣ ಹಿಡಿಯಿತು. ಚೆಂಡಿಗೆ ನಾಲ್ಕು ಚಿಪ್ಪು. ಎರಡನೇ ಚೆಂಡಿಗೂ ನಾಲ್ಕು. ಬೇರೆ ಕಡೆ ಸಣ್ಣ ಚೆಂಡಿಗೆ ಸಣ್ಣ ಮುಚ್ಚಳ ಹಿಡಿದು ನೋಡಿದರೂ ನಾಲ್ಕೇ. "ದುಂಡಗಿರೋದು ಯಾವುದೇ ಆಗ್ಲಿ, ಅದರ ಮೈಗೆ ಅಷ್ಟೇ ಅಗಲದ ನಾಲ್ಕು ರೊಟ್ಟಿ ಹೊದೆಸಬಹುದು" ಎಂದರು. ಆಮೇಲೆ ನನ್ನನ್ನು ನೋಡಿ, ನಿಜವಾಗಿಯೂ ಕುತೂಹಲದಿಂದ, "ಪುಸ್ತಕದಲ್ಲೂ ನಾಲ್ಕೇ ಇದೆಯಾ ಮಾಸ್ಟ್ರೇ?" ಎಂದು ಕೇಳಿದರು. ಇದೆ ಎಂದೆ. ಅವರಿಗೆ ಆದ ಸಂತೋಷ ನೋಡಬೇಕಿತ್ತು. ಎಲ್ಲೋ ದೂರದೂರಿನಲ್ಲಿ ತನ್ನ ನೆಂಟರು ಇದ್ದಾರೆ ಎಂದು ಈಗ ತಿಳಿದವರ ಹಾಗೆ ಮುಖ ಅರಳಿತು. ಆ ನಾಲ್ಕನ್ನು ನಾನು ಕಾಲೇಜಿನಲ್ಲಿ ಸಾಧಿಸಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ವರ್ಷವರ್ಷ ಬೋರ್ಡಿನ ಮೇಲೆ ಬರೆಸಿದ್ದೆ. ನನ್ನ ಮುಖ ಒಂದು ದಿನವೂ ಹಾಗೆ ಅರಳಿರಲಿಲ್ಲ. ಆ ಹುಡುಗಿ ನೋಟ್ಸಿನಲ್ಲಿ ಸೂತ್ರದ ಪಕ್ಕ ನಾಲ್ಕು ರೊಟ್ಟಿಗಳ ಚಿತ್ರ ಬರೆದಿದ್ದಳು. ನೋಟ್ಸ್ ತಿದ್ದುವಾಗ ಅದರ ಮೇಲೆ ಕೆಂಪು ಗೆರೆ ಎಳೆದೆ.

ಎರಡನೆಯದು ಇನ್ನೂ ಕೆಟ್ಟದು. ಮಕ್ಕಳು ಊಟಕ್ಕೆ ಕೂರಲು ಹಳೆಯ ವಿದ್ಯಾರ್ಥಿಗಳು ದುಂಡಗಿನ ಶೆಡ್ಡೊಂದನ್ನು ಕಟ್ಟಿಸಿಕೊಟ್ಟಿದ್ದರು. ಮೇಲಿನ ಮಾಡು ಶಂಕುವಿನ ಆಕಾರದ ತಗಡು. ಅದಕ್ಕೆ ಕೆಂಪು ಬಣ್ಣ ಎಷ್ಟು ಬೇಕು ಎಂದು ಹೆಡ್ ಮೇಡಂ ಕೇಳಿದರು. ಪೇಂಟ್ರು ಏಣಿ ಹತ್ತಿ ತಗಡು ಸವರಿ, "ಆರು ಲೀಟರು" ಎಂದರು. ನಾನು ಅಳತೆ ತೆಗೆದೆ. ತ್ರಿಜ್ಯ ಮೂರು ಮೀಟರು, ಎತ್ತರ ನಾಲ್ಕು. ಪೈ ಆರ್ ಎಲ್ ಎಂದು ಫೋನಿನಲ್ಲಿ ಗುಣಿಸಿ, "ಐದು ಲೀಟರು ಧಾರಾಳ" ಎಂದೆ. ಓದಿದವನ ಮಾತು ನಡೆಯಿತು. ಆ ಕೆಂಪನ್ನು ಶಿವಮೊಗ್ಗದಲ್ಲಿ ಕಲಸಿಸಿ ತರಿಸಬೇಕಿತ್ತು. ಐದೇ ಬಂತು.

ಬಳಿಯುತ್ತ ಬಂದು ಕೊನೆಗೆ ಒಂದು ಹೋಳು ಉಳಿಯಿತು, ತುದಿಯಿಂದ ಅಂಚಿನವರೆಗೆ. ಅದೂ ರಸ್ತೆಯ ಕಡೆಗೆ. ಮತ್ತೊಂದು ಡಬ್ಬ ಬರಲು ಒಂದು ವಾರ. ಆ ವಾರವೆಲ್ಲ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಎಲ್ಲಿ ತಪ್ಪಿದೆ ಎಂದು ನನಗೆ ಹೊಳೆದದ್ದು ಮೂರನೇ ದಿನ. ಶಂಕುವಿಗೆ ಓರೆ ಎತ್ತರ ತೆಗೆದುಕೊಳ್ಳಬೇಕು. ನಾನು ನೆಟ್ಟಗಿನ ಎತ್ತರ ತೆಗೆದುಕೊಂಡಿದ್ದೆ. ಮೂರು, ನಾಲ್ಕು ಇದ್ದರೆ ಓರೆ ಐದು, ಮಕ್ಕಳಿಗೂ ಗೊತ್ತಿರುವ ಲೆಕ್ಕ. ಮಕ್ಕಳು ಮಾಡಿದರೆ ನಾನು ಎರಡು ಅಂಕ ಕಳೆಯುವ ತಪ್ಪು.

ಪೇಂಟ್ರು ಬೈಯಲಿಲ್ಲ. ಮಕ್ಕಳ ಎದುರಿಗೇ, ಸಮಾಧಾನ ಮಾಡುವ ಧ್ವನಿಯಲ್ಲಿ ಹೇಳಿದರು: "ಅದೆಂತ ದೊಡ್ಡ ವಿಷಯ ಅಲ್ಲ ಮಾರಾಯ್ರೇ. ನೀವು ನಡುವಿನ ಕಂಬ ಅಳೆದ್ರಿ. ನಾನು ತಗಡು ಅಳೆದೆ. ಬಣ್ಣ ಬೀಳೋದು ತಗಡಿನ ಮೇಲೆ ಅಲ್ದಾ?"

ಮಾರನೇ ದಿನದಿಂದ ಮಕ್ಕಳು ಶಂಕುವಿನ ಲೆಕ್ಕ ಬಂದಾಗೆಲ್ಲ "ಸರ್, ಕಂಬವಾ ತಗಡಾ?" ಎಂದು ಕೇಳತೊಡಗಿದರು. ಓರೆ ಎತ್ತರ ಎನ್ನುವ ಶಬ್ದವೇ ನನ್ನ ತರಗತಿಯಿಂದ ಹೋಯಿತು. ಆ ವರ್ಷ ಆ ಪಾಠದಲ್ಲಿ ಒಬ್ಬರೂ ತಪ್ಪು ಮಾಡಲಿಲ್ಲ. ಅದಕ್ಕೆ ಹೆಡ್ ಮೇಡಂ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಹೊಗಳಿಕೆ ಕೇಳುತ್ತ ಕೂತಿದ್ದಾಗ ಮೈಯೆಲ್ಲ ಉರಿಯುತ್ತಿತ್ತು.

ಇಷ್ಟಾದರೂ ಅವರಿಗೆ ನನ್ನ ಮೇಲೆ ಪ್ರೀತಿ. ಕೆಲಸ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು ಅಡುಗೆಕೋಣೆಯ ಕಟ್ಟೆಯ ಮೇಲೆ ಚಹ ಕುಡಿಯುತ್ತ ಕೂರುತ್ತಿದ್ದರು. ಒಂದು ದಿನ ತಾನು ಏಳನೇ ತರಗತಿಗೆ ಶಾಲೆ ಬಿಟ್ಟದ್ದನ್ನು ಹೇಳಿದರು.

"ಲೆಕ್ಕದ ಪೇಪರಲ್ಲಿ ಉತ್ತರ ಎಲ್ಲ ಸರಿ ಇತ್ತು ಮಾಸ್ಟ್ರೇ. ಮಧ್ಯದ ಹೆಜ್ಜೆ ಬರೆದಿರಲಿಲ್ಲ. ನನಗೆ ಹೆಜ್ಜೆ ಕಾಣೋದೇ ಇಲ್ಲ, ಉತ್ತರ ಕಾಣ್ತದೆ. ಎಲ್ಲದಕ್ಕೂ ಅರ್ಧರ್ಧ ಮಾರ್ಕು ಹಾಕಿ ಫೇಲ್ ಮಾಡಿದ್ರು. ಪಕ್ಕದವನದ್ದು ನೋಡಿ ಬರೆದಿದ್ದಾನೆ ಅಂತ ಬೆತ್ತದಲ್ಲಿ ಬೇರೆ ಕೊಟ್ರು." ನಕ್ಕರು. ನಗುವಾಗ ಲೋಟ ಹಿಡಿದ ಕೈ ನೋಡಿದೆ. ಗಟ್ಟಿಯಾಗಿ ಹಿಡಿದಿದ್ದರು. ನಲವತ್ತು ವರ್ಷದ ಹಿಂದಿನ ಅರ್ಧ ಮಾರ್ಕು ಇನ್ನೂ ಮಾಸಿಲ್ಲ ಎಂದು ನನಗೆ ಅವತ್ತೇ ತಿಳಿಯಿತು. ಅದನ್ನು ನಾನು ತೆಗೆದಿಟ್ಟುಕೊಂಡೆ. ಯಾಕೆ ಎಂದು ಆಗ ಕೇಳಿದ್ದರೆ ಉತ್ತರ ಹೇಳುತ್ತಿರಲಿಲ್ಲ.

ಟ್ಯಾಂಕಿನ ಕೆಲಸಕ್ಕೆ ಮಾತ್ರ ಅವರು ಒಬ್ಬರೇ ಬರುತ್ತಿರಲಿಲ್ಲ. ಹೆಂಡತಿ ಜೊತೆಗೆ ಬರುತ್ತಿದ್ದರು, ಹಗ್ಗ ಹಿಡಿಯಲು. ತೆಳ್ಳಗಿನ, ಮಾತು ಕಡಿಮೆ ಇರುವ ಹೆಂಗಸು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಹಗ್ಗದ ಒಂದು ತುದಿ ಪೇಂಟ್ರ ಸೊಂಟಕ್ಕೆ, ಇನ್ನೊಂದು ತುದಿ ಟ್ಯಾಂಕಿನ ಮೇಲೆ ಕೂತ ಅಕ್ಕನ ಕೈಗೆ. ಒಳಗಿರುವಷ್ಟು ಹೊತ್ತು ಪೇಂಟ್ರು ಮಾತಾಡುತ್ತಲೇ ಇರಬೇಕು, ಅಕ್ಕ ಹ್ಞೂಂ ಎನ್ನುತ್ತಲೇ ಇರಬೇಕು. ಮಾತು ನಿಂತರೆ ಎಳೆಯುವುದು. ಕಾಲು ಗಂಟೆಗೊಮ್ಮೆ ಮೇಲೆ ಬಂದು ಗಾಳಿ ಕುಡಿಯುವುದು. ಮಕ್ಕಳು ಬಿಡುವಿನಲ್ಲಿ ಟ್ಯಾಂಕಿನ ಸುತ್ತ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಒಳಗಿನಿಂದ ಗುಂಯ್‌ಗುಡುವ ಧ್ವನಿಯಲ್ಲಿ, "ಬೆಟ್ಟದ ಕಡೆ ಆಯ್ತು, ಈಗ ರಸ್ತೆ ಕಡೆ. ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಹೇಳಿರಲಿಲ್ಲ." ಮೇಲಿನಿಂದ, "ಹ್ಞೂಂ. ಮತ್ತೆ ಎರಡು ಸಲ ಬಡಿಸಿಕೊಂಡ್ರಿ." ಅಕ್ಕ ಒಮ್ಮೆ ಶಾಲೆಯ ಅಡುಗೆಯವಳ ಹತ್ತಿರ ಹೇಳಿದ್ದರು, "ಮನೇಲಿ ಬಾಯಿ ಬಿಡೋದಿಲ್ಲ. ಇವರ ಹತ್ರ ಏನಾದ್ರೂ ಕೇಳ್ಬೇಕು ಅಂದ್ರೆ ಟ್ಯಾಂಕಿನ ಕೆಲಸ ಬರ್ಲಿ ಅಂತ ಕಾಯ್ತೇನೆ."

ಇನ್ನೊಂದು ಕ್ರಮ ಇತ್ತು. ತಳ ಬಳಿಯುವಾಗ ಏಣಿಯ ಕಾಲು ನಿಲ್ಲುವ ಎರಡಡಿ ಚೌಕ ಜಾಗವನ್ನು ಅವರು ಬಿಡುತ್ತಿದ್ದರು. ಗೋಡೆಯಿಂದ ಶುರುಮಾಡಿ, ತಳದ ಅಂಚಿನಿಂದ ಹಿಂದೆ ಹಿಂದೆ ಬಂದು, ಕೊನೆಗೆ ಆ ಚೌಕದ ಮೇಲೆ ನಿಂತು ಏಣಿ ಹತ್ತುವುದು. ಉಳಿದದ್ದೆಲ್ಲ ಒಣಗಿ ವಾಸನೆ ಹೋದ ಮೇಲೆ ಮಾರನೇ ದಿನ ಬಂದು ಅದನ್ನು ಬಳಿಯುವುದು. ಒಂದೇ ದಿನ ಎರಡನೇ ಸಲ ಟ್ಯಾಂಕಿಗೆ ಇಳಿಯುತ್ತಿರಲಿಲ್ಲ. "ಅದು ನಾಳೆಯ ಜಾಗ" ಎನ್ನುತ್ತಿದ್ದರು.

ಶಾಲೆಯ ಹಿಂದೆ ಮಕ್ಕಳು ಕೈಕಾಲು ತೊಳೆಯುವ ನೀರಿಗೆ ಒಂದು ಕಬ್ಬಿಣದ ಟ್ಯಾಂಕು ಇದೆ. ನೆಲದ ಮೇಲೆ, ಮೊಣಕಾಲೆತ್ತರದ ಕಟ್ಟೆಯ ಮೇಲೆ ಕೂತ ಸಿಲಿಂಡರು. ಎಂಟಡಿಗಿಂತ ಸ್ವಲ್ಪ ಎತ್ತರ, ಹತ್ತಡಿ ಅಗಲ, ಮೇಲೆ ಎರಡಡಿಯ ಬಾಯಿ. ಒಳಗೆ ತುಕ್ಕು ಹಿಡಿದಿತ್ತು. ಕಪ್ಪು ಬಣ್ಣದ ಐದು ಲೀಟರ್ ಡಬ್ಬ ಬಂತು. ಹೆಡ್ ಮೇಡಂ ಸುಮ್ಮನಿರದೆ, "ಈ ಸಲ ಇಬ್ಬರೂ ಹೇಳಿ, ಎಷ್ಟು ಉಳೀತದೆ ನೋಡುವಾ" ಎಂದರು. ನಾನು ಈ ಸಲ ಮೂರು ಬಾರಿ ಅಳೆದೆ. ವಕ್ರ ಮೇಲ್ಮೈ, ಮೇಲಿನ ವೃತ್ತ, ಕೆಳಗಿನ ವೃತ್ತ, ಎಲ್ಲ ಕೂಡಿಸಿ ಪೂರ್ಣ ಮೇಲ್ಮೈ ವಿಸ್ತೀರ್ಣ. ಕಂಪನಿಯವರು ಡಬ್ಬದ ಮೇಲೆ ಬರೆದದ್ದನ್ನೂ ಲೆಕ್ಕಕ್ಕೆ ಹಿಡಿದೆ. "ಮೂರು ಚಹದ ಲೋಟ ಉಳೀತದೆ" ಎಂದು ಬೋರ್ಡಿನ ಮೇಲೆ ಬರೆದೆ. ಪೇಂಟ್ರು ಬಾಯಿಂದ ಒಳಗೆ ಬಗ್ಗಿ ನೋಡಿ, ಕಬ್ಬಿಣ ಸವರಿ, "ಮೂರೂವರೆ" ಎಂದರು. ಒಂಬತ್ತನೇ ತರಗತಿ ಎರಡು ಪಕ್ಷವಾಯಿತು. ನನ್ನ ಪಕ್ಷದಲ್ಲಿ ಏಳು ಮಕ್ಕಳಿದ್ದರು. ಆ ಏಳೂ ನಾನು ಮಾರ್ಕು ಕಡಿಮೆ ಕೊಡುತ್ತೇನೆಂಬ ಹೆದರಿಕೆಗೆ ಬಂದವು ಎಂದು ನನಗೆ ಗೊತ್ತಿತ್ತು.

ಮೂರು ಗಂಟೆಗೆ ಪೇಂಟ್ರು ಬಳಿದು ಮುಗಿಸಿ ಮೇಲೆ ಬಂದರು. ಅಕ್ಕ ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡು, "ನೀವು ಕೈ ತೊಳೆದು ಬನ್ನಿ, ನಾನು ಬಸ್ಸಿಗೆ ಕೈ ಮಾಡ್ತೇನೆ" ಎಂದು ಗೇಟಿನ ಎದುರಿನ ಸ್ಟಾಪಿಗೆ ಹೋದರು. ಇತ್ತ ಮಕ್ಕಳ ಎದುರು ಡಬ್ಬದಲ್ಲಿ ಉಳಿದ ಬಣ್ಣವನ್ನು ಲೋಟಕ್ಕೆ ಸುರಿದು ನೋಡಿದೆವು. ಒಂದು, ಎರಡು, ಮೂರು. ನಾಲ್ಕನೆಯದು ಅರ್ಧ.

ಮಕ್ಕಳು ಕೂಗಿದ್ದು ರಸ್ತೆಗೆ ಕೇಳಿರಬೇಕು. ಪಿ.ಟಿ. ಮಾಸ್ತರರು ಪೇಂಟ್ರ ಕೈ ಎತ್ತಿ ಹಿಡಿದರು. ಅವರು ನಾಚಿಕೊಂಡು ಕೈ ಬಿಡಿಸಿಕೊಳ್ಳುತ್ತಿದ್ದರು. ನನ್ನ ಪಕ್ಷದ ಏಳು ಮಕ್ಕಳೂ ಕುಣಿಯುತ್ತಿದ್ದರು.

ಆಗ ನನಗೆ ಹೊಳೆಯಿತು. ಆ ಅರ್ಧ ಲೋಟ ಎಲ್ಲಿಂದ ಬಂತು ಎಂದು.

"ತಳದಲ್ಲಿ ಎರಡಡಿ ಚೌಕ ಬಿಟ್ಟಿದ್ದೀರಲ್ಲ" ಎಂದೆ.

"ಹೌದು ಮಾಸ್ಟ್ರೇ. ಅದು ನಾಳೆಯದ್ದು."

"ಅದನ್ನೂ ಬಳಿದರೆ ಮೂರೇ ಉಳಿಯುವುದು. ಪೂರ್ಣ ಮೇಲ್ಮೈ ಅಂದರೆ ಪೂರ್ಣ."

"ಇರಬಹುದು. ನಾಳೆ ನೋಡುವಾ. ಆ ಅರ್ಧ ಲೋಟ ಎತ್ತಿಡಿ." ಅವರಿಗೆ ನಿಜವಾಗಿಯೂ ಅದು ದೊಡ್ಡದಾಗಿರಲಿಲ್ಲ. ನಾಳೆ ಬಂದು, ಬಳಿದು, ನಗುತ್ತ ನಾನು ಸರಿ ಎಂದು ಒಪ್ಪಿಕೊಂಡು ಹೋಗುತ್ತಿದ್ದರು. ಆದರೆ ನಾಳೆ ಇಷ್ಟು ಮಕ್ಕಳು ಇಲ್ಲಿ ನಿಂತಿರುವುದಿಲ್ಲ.

ಆಗ ನಾನು ಹೇಳಿದೆ. ಮಕ್ಕಳ ಕಡೆ ತಿರುಗಿ, ಪಾಠ ಮಾಡುವ ಧ್ವನಿಯಲ್ಲಿ: "ನೋಡಿ ಮಕ್ಕಳೇ, ಲೆಕ್ಕ ಅರ್ಧಕ್ಕೆ ಬಿಟ್ಟರೆ ಎಷ್ಟು? ಅರ್ಧ ಮಾರ್ಕು."

ಮಕ್ಕಳಿಗೆ ಅದು ದಿನಾ ಕೇಳುವ ಮಾತು. ಪೇಂಟ್ರ ಮುಖ ಮಾತ್ರ ಬದಲಾಯಿತು. ನನ್ನನ್ನು ಒಂದು ಗಳಿಗೆ ನೋಡಿದರು. ಸಿಟ್ಟು ಇರಲಿಲ್ಲ. ನೀವೂ ಹಾಗೇ ಅಂತೀರಾ ಎಂದು ಕೇಳುವ ಹಾಗಿತ್ತು. ಆಮೇಲೆ ಅರ್ಧ ಲೋಟ ಬಣ್ಣ ತೆಗೆದುಕೊಂಡು ಟ್ಯಾಂಕಿನ ಕಡೆ ನಡೆದರು. ಶಾಲೆ ಬಿಡುವ ಗಂಟೆ ಹೊಡೆಯಿತು. ಮಕ್ಕಳು ಬ್ಯಾಗಿಗೆ ಓಡಿದರು. ಟ್ಯಾಂಕಿನ ಮೇಲೆ ಅವರ ಹಿಂದೆ ಹತ್ತಿದ್ದು ನಾನೊಬ್ಬನೇ, ಸರಿಯಾಗಿ ಬಳಿಯುತ್ತಾರೋ ನೋಡಲು.

ಉಳಿದ ತಳವೆಲ್ಲ ಹಸಿ. ಏಣಿ ನಿಲ್ಲಿಸಿದರೆ ಚೌಕ ಬಳಿಯಲು ಬರುವುದಿಲ್ಲ. ಅವರು ಏಣಿಯನ್ನು ಸ್ವಲ್ಪ ಮೇಲೆತ್ತಿ, ಮೇಲಿನ ಮೆಟ್ಟಿಲ ಅಡಿಯಲ್ಲಿ ಕಬ್ಬಿಣದ ಪೈಪೊಂದನ್ನು ಬಾಯಿಗೆ ಅಡ್ಡ ಕೊಟ್ಟು ತೂಗುಬಿಟ್ಟರು. ಕೆಳಗಿಳಿದು, ಹೆಗಲ ಟವೆಲಿನಿಂದ ಸೊಂಟವನ್ನು ಕೊನೆಯ ಮೆಟ್ಟಿಲಿಗೆ ಬಿಗಿದುಕೊಂಡು, ತಲೆ ಕೆಳಗೆ ಮಾಡಿ ಬಗ್ಗಿದರು. ಹಸಿ ಬಣ್ಣದ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದ ನನಗೆ ಇದು ಗೊತ್ತಿತ್ತು. ಅವರ ಮುಖ ತಳದಿಂದ ಒಂದು ಗೇಣು ಮೇಲಿತ್ತು.

"ಆಯ್ತಾ?" ಎಂದೆ.

"ಇನ್ನು ನಾಲ್ಕು ಅಂಗೈ."

ಸ್ವಲ್ಪ ಬಿಟ್ಟು ಮತ್ತೆ ಕೇಳಿದೆ. ಉತ್ತರ ಬರಲಿಲ್ಲ.

ಇಲ್ಲಿಂದ ಮುಂದಿನ ಹೊತ್ತನ್ನು ನಾನು ಐದು ವರ್ಷದಿಂದ ಮತ್ತೆ ಮತ್ತೆ ನೋಡುತ್ತಿದ್ದೇನೆ. ಸ್ಕೂಟರು ಓಡಿಸುವಾಗ, ಹಲ್ಲುಜ್ಜುವಾಗ, ಬೋರ್ಡಿನ ಮೇಲೆ ಸಿಲಿಂಡರಿನ ಚಿತ್ರ ಬರೆಯುವಾಗ ಒಳಗಿನಿಂದ ಆ ಕಪ್ಪು ಬಾಯಿ ತೆರೆಯುತ್ತದೆ. ಮಾತು ನಿಂತರೆ ಎಳೆಯಬೇಕು ಎಂದು ಶಾಲೆಯ ಪ್ರತಿ ಮಗುವಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಅವರು ಸುಮ್ಮನಾದಾಗ ನನಗೆ ಅನ್ನಿಸಿದ್ದು ಬೇರೆ. ಬಣ್ಣ ಪೂರ್ತಿ ಖರ್ಚಾಗಿದೆ, ಮೂರೇ ಎಂದು ಅವರಿಗೂ ಕಂಡಿದೆ, ಒಪ್ಪಿಕೊಳ್ಳಲು ಬಾಯಿ ಬರುತ್ತಿಲ್ಲ ಎಂದುಕೊಂಡೆ. ಖುಷಿಯಾಯಿತು. ಒಬ್ಬ ಮನುಷ್ಯ ಕೆಳಗೆ ಉಸಿರು ಕಳೆದುಕೊಳ್ಳುತ್ತಿರುವಾಗ ನಾನು ಮೇಲೆ ಬಿಸಿಲಿನಲ್ಲಿ ಕೂತು ಖುಷಿಪಟ್ಟೆ. ಎಷ್ಟು ಹೊತ್ತು? ಅರ್ಧ ನಿಮಿಷವೋ, ಎರಡು ನಿಮಿಷವೋ. ಎಲ್ಲವನ್ನೂ ಅಳೆಯುವ ನಾನು ಅದನ್ನು ಅಳೆದಿಲ್ಲ.

ಲೋಟ ತಗಡಿಗೆ ಬಡಿದ ಸದ್ದು ಕೇಳಿ ಬಗ್ಗಿ ನೋಡಿದೆ. ಕೈಗಳೆರಡೂ ಜೋತುಬಿದ್ದಿದ್ದವು. ಕೂಗಿದೆ. ಏಣಿಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ಅಂಗಿಯ ಕಾಲರು ಹಿಡಿದು ಎಳೆದರು. ಅಡುಗೆಯವಳು, ಕೂಗು ಕೇಳಿ ಹತ್ತಿ ಬಂದವಳು, ಮಸಿ ಹಿಡಿದ ಕೈಯಲ್ಲೇ.

"ನೀವೂ ಇಳಿದ್ರೆ ಇಬ್ರನ್ನ ಎತ್ಬೇಕು! ಸರೀರಿ!" ಎಂದು ಬೈದು, ಟ್ಯಾಂಕಿನ ಮೇಲಿಂದಲೇ ರಸ್ತೆಗೆ ಕೇಳುವ ಹಾಗೆ "ಅಕ್ಕಾ" ಎಂದು ಕೂಗಿದಳು.

ಅಕ್ಕ ಚೀಲ ಅಲ್ಲೇ ಬಿಸಾಡಿ ಓಡಿ ಬಂದರು. ಬಂದವರು ಅಳಲಿಲ್ಲ, ಏನಾಯಿತು ಎಂದು ಕೇಳಲಿಲ್ಲ. ಬಗ್ಗಿ ನೋಡಿ, "ಟವೆಲು ಕಟ್ಕೊಂಡಿದ್ದಾರೆ. ಏಣಿ ಎಳೀರಿ, ನೆಟ್ಟಗೆ" ಎಂದರು. ಪಿ.ಟಿ. ಮಾಸ್ತರರು, ನಾನು, ಅಡುಗೆಯವಳು ಏಣಿಯನ್ನೇ ಎಳೆದೆವು. ಅವರು ಏಣಿಯ ತುದಿಯಲ್ಲಿ ತೂಗುತ್ತ ಬಂದರು. ಬಾಯಿಯ ಹತ್ತಿರ ಹೆಗಲು ಸಿಕ್ಕಿಕೊಂಡಿತು. ಅಕ್ಕ ಹೊಟ್ಟೆಯ ಮೇಲೆ ಮಲಗಿ ಕೈ ಹಾಕಿ ಅವರ ಒಂದು ತೋಳನ್ನು ಮೇಲೆ ಮಾಡಿದರು. ಆ ಹೊತ್ತಿನಲ್ಲೂ ಅಕ್ಕ ಮಾತಾಡುತ್ತಿದ್ದರು, ಅವರ ಜೊತೆ. "ಬಸ್ಸು ಬಂತು. ನಿಮಗೆ ಕೇಳ್ತದಾ? ಬಸ್ಸು ಬಂತು. ಹೇಳಿ, ಹ್ಞೂಂ ಅನ್ನಿ."

ಕಟ್ಟೆಯ ಪಕ್ಕದ ಹುಲ್ಲಿನ ಮೇಲೆ ಮಲಗಿಸಿ ಎದೆ ಒತ್ತಿದ್ದು ಪಿ.ಟಿ. ಮಾಸ್ತರರು. ಮುಖದ ಅರ್ಧಕ್ಕೆ ಕಪ್ಪು ಬಣ್ಣ ಮೆತ್ತಿತ್ತು. ಕೊನೆಗೊಮ್ಮೆ ಕೆಮ್ಮಿದರು, ವಾಂತಿ ಮಾಡಿದರು. ಅಕ್ಕ "ಹ್ಞೂಂ" ಎಂದು ನೆಲದ ಮೇಲೆ ಕೂತರು. ಕೊಪ್ಪದ ಆಸ್ಪತ್ರೆಗೆ ಒಯ್ಯಲು ಯಾರದೋ ಜೀಪು ನಿಲ್ಲಿಸಿ, ಅಕ್ಕನ ಜೊತೆ ಹತ್ತಿಸುವಾಗ ಅವರು ಕಣ್ಣು ಬಿಟ್ಟು ನನ್ನನ್ನು ಹುಡುಕಿದರು.

"ಎಷ್ಟು ಉಳೀತು ಮಾಸ್ಟ್ರೇ?"

"ಮೂರೂವರೆ. ನೀವೇ ಗೆದ್ದಿರಿ" ಎಂದೆ.

"ಸುಳ್ಳು ಹೇಳ್ಬೇಡಿ" ಎಂದರು. "ಮುಗಿದಿಲ್ಲ ಅಲ್ದಾ ಇನ್ನೂ."

ಮೂರು ದಿನಕ್ಕೆ ಮನೆಗೆ ಹೋದರು. ಎರಡು ಸಲ ಯಾಕೆ ಇಳಿದಿರಿ ಎಂದು ಹೆಡ್ ಮೇಡಂ ಕೇಳಿದಾಗ, "ನನ್ನದೇ ಹುಚ್ಚು ಮೇಡಂ, ಬಸ್ಸಿಗೆ ಹೊತ್ತಿತ್ತಲ್ಲ ಅಂತ ಇಳಿದೆ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅದರಲ್ಲೂ ಅವರೇ ಮೇಲಾದರಲ್ಲ ಎಂದು, ಹೇಳಲು ನಾಚಿಕೆಯಾಗುತ್ತದೆ, ಅದಕ್ಕೂ ಹೊಟ್ಟೆಕಿಚ್ಚಾಯಿತು.

ಆಮೇಲೆ ಟ್ಯಾಂಕಿನ ಕೆಲಸ ಬಿಟ್ಟರು. ಗೇಟು, ಕಿಟಕಿ, ಬೋರ್ಡು ಮಾಡುತ್ತಿದ್ದರು. ನಮ್ಮ ಶಾಲೆಗೂ ಬಂದರು, ನನ್ನ ಜೊತೆ ಕಟ್ಟೆಯ ಮೇಲೆ ಕೂತು ಚಹ ಕುಡಿದರು. ಹೊಸ ಡಸ್ಟ್‌ಬಿನ್ನಿಗೆ ಎಷ್ಟು ಬೇಕು, ನೀವು ಮೊದಲು ಹೇಳಿ ಎನ್ನುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಕಾರ್ಯಕ್ರಮಗಳಲ್ಲಿ ಅಕ್ಕ ಸಿಕ್ಕಿದರೆ ನಾನು ಬೇರೆ ಬಾಗಿಲಿನಿಂದ ಹೋಗುತ್ತಿದ್ದೆ.

ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಹೃದಯ ನಿಂತಿತ್ತು. ಆ ಸಂಜೆಗೂ ಇದಕ್ಕೂ ಸಂಬಂಧ ಇಲ್ಲ ಎಂದು ಡಾಕ್ಟರರು ಹೇಳಿದ್ದನ್ನು ಪಿ.ಟಿ. ಮಾಸ್ತರರು ನನಗೆ ಎರಡು ಸಲ ಹೇಳಿದರು.

ಕಡಹಿನಬೈಲಿಗೆ ಹೋದೆ. ರಸ್ತೆಯ ಪಕ್ಕದ ಸಣ್ಣ ಮನೆ. ಹಿತ್ತಿಲ ಕಡೆಯ ಗೋಡೆಯ ತುಂಬ ಅಂಗೈ ಅಗಲದ ಬಣ್ಣದ ಗುರುತುಗಳು. ಪ್ರತಿ ಕೆಲಸ ಮುಗಿದ ಮೇಲೆ ಬ್ರಷ್ಷು ಒರೆಸುತ್ತಿದ್ದ ಜಾಗ. ನಮ್ಮ ಶೆಡ್ಡಿನ ಕೆಂಪು ಇತ್ತು. ಟ್ಯಾಂಕಿನ ಕಪ್ಪು ಹುಡುಕಿದೆ. ಇರಲಿಲ್ಲ. ಅವತ್ತು ಬ್ರಷ್ಷು ಮನೆಗೆ ಬಂದಿರಲಿಲ್ಲವಲ್ಲ.

ಅಕ್ಕ ನೀರು ಕೊಟ್ಟು ಎದುರು ಕೂತರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, "ಅಕ್ಕ, ಅವತ್ತು ಅವರನ್ನು ಎರಡನೇ ಸಲ ಇಳಿಸಿದ್ದು ನಾನು" ಎಂದೆ. ಅರ್ಧ ಮಾರ್ಕಿನ ಮಾತು ಹೇಳಿದೆ. ಮಾತು ನಿಂತ ಮೇಲೂ ನಾನು ಸುಮ್ಮನೆ ಕೂತಿದ್ದನ್ನು ಹೇಳಿದೆ.

ಅಕ್ಕ ತಮ್ಮ ಕೈ ನೋಡಿಕೊಂಡರು.

"ಮಾರ್ಕಿನದ್ದು ಗೊತ್ತು" ಎಂದರು. "ಅವತ್ತು ಜೀಪಲ್ಲೇ ಹೇಳಿದ್ರು."

"ಜೀಪಲ್ಲಾ?"

"ಹ್ಞೂಂ. ನಾನು ಬೈದೆ. ಆ ಮಾಸ್ಟ್ರ ಅಂಗಿ ಹಿಡಿದು ಕೇಳ್ತೇನೆ ಅಂದೆ. ಇವರು ನಗ್ತಾರೆ, ಉಸಿರಿಲ್ಲದಿದ್ರೂ. 'ಅವರಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು ಮಾರಾಯ್ತಿ. ಡಿಗ್ರಿ ಮಾಡಿದೋರು. ನನ್ನ ಕಂಡು ಹೊಟ್ಟೆಕಿಚ್ಚು ಪಡೋರು ಒಬ್ರು ಸಿಕ್ಕಿದ್ರಲ್ಲ, ನೀನು ಹಾಳು ಮಾಡ್ಬೇಡ' ಅಂದ್ರು."

ನಾನು ಲೋಟದ ನೀರು ಪೂರ್ತಿ ಕುಡಿದು ಕೆಳಗಿಟ್ಟೆ.

"ನೀವು ಸುಮ್ಮನೆ ಕೂತದ್ದು ಮಾತ್ರ ಗೊತ್ತಿರಲಿಲ್ಲ" ಎಂದರು ಅಕ್ಕ. ಲೋಟ ತೆಗೆದುಕೊಂಡು ಒಳಗೆ ಹೋದರು. ತುಂಬ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಆ ಹಗ್ಗ ಇತ್ತು. ಕ್ಷಮಿಸಿದೆ ಎನ್ನಲಿಲ್ಲ. "ನಿಮ್ಮ ಟ್ಯಾಂಕಿಗೆ ಮತ್ತೆ ಯಾರಾದ್ರೂ ಇಳಿತಾರಲ್ಲ. ಇಟ್ಕೊಳ್ಳಿ" ಎಂದು ನನ್ನ ಮಡಿಲ ಮೇಲೆ ಇಟ್ಟರು.

ಹೋದ ವಾರ ಟ್ಯಾಂಕಿಗೆ ಮತ್ತೆ ಬಣ್ಣ ಹೊಡೆಸಿದೆವು. ಬೇಗಾರಿನಿಂದ ಬಂದ ಪೇಂಟರು, ನನ್ನದೇ ವಯಸ್ಸು. ಅವರ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಬಾಯಿಯ ಹತ್ತಿರ ಕೂತೆ. ಮಾತಾಡುತ್ತಲೇ ಇರಬೇಕು ಎಂದೆ. "ಎಂತ ಮಾತಾಡೋದು ಸರ್?" ಎಂದರು. ನಿನ್ನೆಯ ಸಾರು ಹೇಗಿತ್ತು ಹೇಳಿ ಎಂದೆ. ಕಾಲು ಗಂಟೆಗೊಮ್ಮೆ ಮೇಲೆ ಹತ್ತಿಸಿದೆ. 'ಹ್ಞೂಂ' ಎನ್ನುತ್ತ ಎನ್ನುತ್ತ ಗಂಟಲು ಒಣಗಿತು. ಎಷ್ಟು ಬಣ್ಣ ಬೇಕಾಗಬಹುದು ಎಂದು ಮಕ್ಕಳು ಕೆಳಗಿನಿಂದ ಕೇಳಿದರು. ನಾನು ಕಬ್ಬಿಣದ ಮೇಲೆ ಅಂಗೈ ಇಟ್ಟು ಸವರಿ ನೋಡಿದೆ. ನನಗೇನೂ ಕಾಣಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣ, ಅಷ್ಟೇ.

ಮೂರು ಗಂಟೆಯ ಹೊತ್ತಿಗೆ ಒಳಗಿನಿಂದ ಧ್ವನಿ ಬಂತು.

"ಸರ್, ಏಣಿ ಕೆಳಗೆ ಒಂದು ಚೌಕ ತುಕ್ಕು ಹಿಡಿದಿದೆ. ಅರ್ಧಕ್ಕೆ ಹಳೇ ಬಣ್ಣ ಇದೆ, ಅರ್ಧಕ್ಕೆ ಇಲ್ಲ. ಬಣ್ಣ ಉಳಿದಿದೆ, ಬಳಿದುಬಿಡ್ಲಾ?"

ಹಗ್ಗ ಬಿಗಿ ಮಾಡಿದೆ.

"ಬೇಡ, ಮೇಲೆ ಬನ್ನಿ" ಎಂದೆ. "ಅದು ನಾಳೆ."